ದೂರವಾಣಿ

ಸಂಸ್ಕೃತದ ‘ದೂರ’ ಮತ್ತು ‘ವಾಣಿ’ ಕೂಡಿದ ಈ ಪದ ಗ್ರೀಕ್ ಮೂಲದ ‘ಟೆಲಿಫೋನ್’ಗೆ ಸರಿಜೋಡಿ, ಗೋಕಾಕದ ಆಡುಮಾತಿನಲ್ಲಿ ಮಾತ್ರ ‘ಫೋನ್ ಹಚ್ಚು’ ಎಂಬುದೇ ರೂಢಿ. ತಾಮ್ರದ ತಂತಿಯ ಕಾಲದಲ್ಲಿ ‘ದೂರ’ಕ್ಕೆ ತೂಕವಿತ್ತು: ಪ್ರತಿ ಕರೆಗೂ ಎಕ್ಸ್‌ಚೇಂಜುಗಳು ಒಂದು ಹಾದಿಯನ್ನೇ ಮೀಸಲಿಡುತ್ತಿದ್ದವು, ಅಂತರ ಹೆಚ್ಚಿದಂತೆ ಎಸ್‌ಟಿಡಿ ದರವೂ ಏರುತ್ತಿತ್ತು. ಬ್ರಾಡ್‌ಬ್ಯಾಂಡ್‌ನಲ್ಲಿ ದನಿಯು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ, ವಿಳಾಸ ಹೊತ್ತು, ಬೇರೆ ಡೇಟಾದ ಜೊತೆಗೇ ಸಾಗುತ್ತದೆ. ವಾಟ್ಸ್‌ಆ್ಯಪ್ ಕರೆಗೆ ನೆರೆಯ ಹುಕ್ಕೇರಿಯೂ ಒಂದೇ, ಹ್ಯೂಸ್ಟನ್ನೂ ಒಂದೇ.

ಹಾಗಾದರೆ ‘ದೂರ’ ಸವಕಲಾಯಿತು ಎನ್ನಬಹುದೇ? ಅದು ಆತುರದ ಮಾತು. ಫೈಬರ್ ಮೇಲಿನ ಸ್ಥಿರ ದೂರವಾಣಿಗೂ ಗೋಕಾಕದ ಎಸ್‌ಟಿಡಿ ಕೋಡ್ 08332 ಅಂಟಿಕೊಂಡೇ ಇದೆ. ದರ ಮಾಯವಾದರೂ ವಿಳಂಬ ಉಳಿದಿದೆ: ಗಾಜಿನ ಎಳೆಯಲ್ಲಿ ಬೆಳಕಿಗೂ ಸಾವಿರ ಕಿಲೋಮೀಟರ್ ದಾಟಲು ಸುಮಾರು 5 ಮಿಲಿಸೆಕೆಂಡು ಬೇಕು.