ಕಾಡಿನಂಚಿನಲ್ಲಿ ನಿಂತ ರೈಲು

ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ರೈಲು ಬಂದಿತು. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಸೇತುವೆಯೇ ಬಂಡಿಗೂ ರೈಲಿಗೂ ದಾರಿಯಾಗಿದ್ದುದನ್ನು ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು. 1926ರಲ್ಲಿ ಹಳಿ ಚಾಮರಾಜನಗರವನ್ನು ಮುಟ್ಟಿತು; ಅಲ್ಲಿಂದ ಮುಂದೆ ಹೋಗಲಿಲ್ಲ.

ಚಾಮರಾಜನಗರದಿಂದ ಸತ್ಯಮಂಗಲದ ಮೂಲಕ ಮೆಟ್ಟುಪಾಳ್ಯಕ್ಕೆ, ನಂಜನಗೂಡಿನಿಂದ ವಯನಾಡಿನ ಮೂಲಕ ನಿಲಂಬೂರಿಗೆ ಎಂಬ ಎರಡು ಮಾರ್ಗಗಳ ಮಾತು ದಶಕಗಳಿಂದ ನಡೆದಿದೆ. ಅವು ಕೈಗೂಡದಿರುವುದಕ್ಕೆ ಹಣದ ಅಭಾವವೊಂದೇ ಕಾರಣವಲ್ಲ.

ಅರಸರ ಕಾಲದಲ್ಲಿ ವೆಚ್ಚವನ್ನು ಹೊರುವವರೂ ಫಲವನ್ನು ಉಣ್ಣುವವರೂ ಒಂದೇ ಸಂಸ್ಥಾನದವರು. ಈ ಮಾರ್ಗಗಳಲ್ಲಿ ಹಾಗಲ್ಲ. ನಿಲಂಬೂರು ಮಾರ್ಗದಿಂದ ಪ್ರಯಾಣದ ದೂರ ಉಳಿಯುವುದು ಮುಖ್ಯವಾಗಿ ಕೇರಳದವರಿಗೆ. ಹಾದುಹೋಗಬೇಕಾದ ಬಂಡೀಪುರದ ಕಾಡು ಕರ್ನಾಟಕದ್ದು. ಮೆಟ್ಟುಪಾಳ್ಯದ ಮಾರ್ಗವನ್ನು ಬಯಸಿದವರು ನಾವು. ಸತ್ಯಮಂಗಲದ ಕಾಡು ತಮಿಳುನಾಡಿನದು, ಅಲ್ಲಿ ಅನುಮತಿ ದೊರೆಯಲಿಲ್ಲ. ಒಂದೆಡೆ ನಾವು ಕೇಳುವವರು, ಇನ್ನೊಂದೆಡೆ ಬೇಡವೆನ್ನುವವರು.

ಆನೆ, ಹುಲಿಗಳ ರಕ್ಷಣೆಯ ವಾದ ಹುಸಿಯಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ವಾಹನ ಸಂಚಾರವೇ 2009ರಲ್ಲಿ ನಿಷೇಧವಾಯಿತು. ಆದರೆ ರಾಜಕೀಯದ ಲೆಕ್ಕ ಬೇರೆ. ಲಾಭ ಒಂದು ರಾಜ್ಯಕ್ಕೂ ನಷ್ಟ ಮತ್ತೊಂದಕ್ಕೂ ಬಿದ್ದರೆ, ನಷ್ಟ ಹೊರುವ ಕಡೆ ಆ ಯೋಜನೆಗೆ ಓಟು ಹುಟ್ಟದು. ಓಟಿಲ್ಲದ ಕಡೆ ಅದರ ಪರವಾಗಿ ಮಾತನಾಡುವ ನಾಯಕನೂ ಹುಟ್ಟನು. ಇಬ್ಬರಿಗೂ ಪಾಲಿಲ್ಲದ ಹಳಿ ನಕ್ಷೆಯಲ್ಲಿಯೇ ಉಳಿಯುತ್ತದೆ.