ಬೆನ್ನಿಗೆ ಕಟ್ಟಿದ ಕೂಸು, ಪೇಟೆಂಟ್ ಆದ ಬಟ್ಟೆ

1/5
ಹೋದ ವಾರ ಅಕ್ಕನ ಮಗನನ್ನ ಎತ್ಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಿದ್ದೆ. ಅವನಿಗೆ ಒಂದೂವರೆ ವರ್ಷ, ತೂಕ ಹನ್ನೊಂದು ಕೆಜಿ. ಹತ್ತೇ ನಿಮಿಷಕ್ಕೆ ಎರಡೂ ಕೈ ಸೋತುಹೋದವು. ಆಗ ಅಕ್ಕ ಬ್ಯಾಗಿನಿಂದ ಒಂದು ಚೌಕದ ಬಟ್ಟೆ ತೆಗೆದಳು. ಅದರ ನಾಲ್ಕು ಮೂಲೆಗೂ ಉದ್ದನೆಯ ಪಟ್ಟಿ. ಕೆಳಗಿನ ಎರಡನ್ನ ನನ್ನ ಸೊಂಟಕ್ಕೆ ಕಟ್ಟಿ, ಅವನನ್ನ ಬೆನ್ನ ಮೇಲೆ ಕೂರಿಸಿದಳು. ಮೇಲಿನ ಎರಡನ್ನ ಹೆಗಲ ಮೇಲಿಂದ ಎದೆಗೆ ಅಡ್ಡ ತಂದು, ಹಿಂದೆ ಅವನ ಕುಂಡಿ ಕೆಳಗೆ ದಾಟಿಸಿ, ಮುಂದೆ ಗಂಟು ಹಾಕಿದಳು. ಬಸ್ಸು ಬರೋಷ್ಟರಲ್ಲಿ ಅವನಿಗೆ ನಿದ್ದೆ. ನನ್ನ ಎರಡೂ ಕೈ ಖಾಲಿ!

ಫೋಟೋ ಸ್ಟೋರಿಗೆ ಹಾಕಿದ್ದೆ. ಕ್ಲಾಸಿನ ಒಬ್ಬ ರಿಪ್ಲೈ ಮಾಡ್ದ: "ಏನ್ ಗುರೂ, ಕೂಲಿಯೋರ ಥರ ಕಟ್ಕೊಂಡಿದೀಯ." ನಾನೂ ನಗೋ ಇಮೋಜಿ ಹಾಕಿ ಸುಮ್ಮನಾದೆ. ರಾತ್ರಿ ಅದೇ ತಲೆಯಲ್ಲಿ ಸುತ್ತುತ್ತಿತ್ತು, ಯಾಕಂದ್ರೆ ನಮ್ಮಜ್ಜಿ ಕೂಲಿ ಮಾಡಿದೋರೇ. ಆಗ ಕೊಡದ ಉತ್ತರ ಈ ಸರಣಿ.

2/5
ಈ ನಾಲ್ಕು ಪಟ್ಟಿಯ ಬಟ್ಟೆಯ ಹೆಸರು ಮೇ ತಾಯ್. ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಿನಿಂದ ಬಂದದ್ದು. ಮೇ ಅಂದ್ರೆ ಬೆನ್ನ ಮೇಲೆ ಹೊರೋದು, ತಾಯ್ ಅಂದ್ರೆ ಪಟ್ಟಿ. ನಮ್ಮ 'ತಾಯಿ'ಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೂ ಕಿವಿಗೆ ಚೆನ್ನಾಗಿದೆ ಅಲ್ವಾ? ಚೀನಾದ ಗುಯ್‌ಝೌ ಪ್ರಾಂತ್ಯದ ಮಿಯಾವೋ ಹೆಂಗಸರು ಇಂಥ ಬಟ್ಟೆಗೆ ತಿಂಗಳುಗಟ್ಟಲೆ ಕೂತು ಕಸೂತಿ ಹಾಕ್ತಿದ್ರು. ಕೊರಿಯಾದಲ್ಲಿ ಪೊದೇಗಿ, ಜಪಾನಿನಲ್ಲಿ ಒಂಬುಹಿಮೊ, ಮೆಕ್ಸಿಕೊದಲ್ಲಿ ರೆಬೋಸೊ, ಪೂರ್ವ ಆಫ್ರಿಕಾದಲ್ಲಿ ಕಾಂಗಾ. ಹೆಸರು, ಕಟ್ಟೋ ರೀತಿ ಬೇರೆ ಬೇರೆ. ಕೆಲಸ ಮಾತ್ರ ಒಂದೇ: ಮಗುವನ್ನೂ ಬಿಡಬಾರದು, ಕೈಗೆಲಸವೂ ನಿಲ್ಲಬಾರದು.

3/5
ಹಾಗಾದ್ರೆ ಇದು 'ಬಡವರ ಲಕ್ಷಣ' ಆಗಿದ್ದು ಹೇಗೆ? ಇಂಗ್ಲೆಂಡಿಗೆ ಹೋಗೋಣ. 1733ರ ಸುಮಾರಿಗೆ ವಿಲಿಯಂ ಕೆಂಟ್ ಎಂಬ ವಿನ್ಯಾಸಕಾರ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಅಂತ ಪ್ರಾಣಿ ಎಳೆಯುವ ಪುಟ್ಟ ಗಾಡಿ ಮಾಡಿಕೊಟ್ಟ. 19ನೇ ಶತಮಾನದಲ್ಲಿ ಕೈಯಿಂದ ತಳ್ಳುವ ಗಾಡಿ ಬಂತು, ವಿಕ್ಟೋರಿಯಾ ರಾಣಿಯೂ ಕೊಂಡಳು. ರಾಣಿ ಕೊಂಡ ಮೇಲೆ ಕೇಳಬೇಕಾ? ಗಾಡಿ ಅಂತಸ್ತಿನ ಗುರುತಾಯ್ತು. ಬೆನ್ನಿಗೆ ಕಟ್ಟಿಕೊಳ್ಳೋದು ಗಾಡಿ ಕೊಳ್ಳೋಕೆ ಆಗದವರ ಪಾಡು ಅನ್ನಿಸಿಕೊಂಡಿತು. ನನ್ನ ಕ್ಲಾಸ್‌ಮೇಟ್ ಆಡಿದ ಮಾತಿಗೆ ಇಷ್ಟು ವಯಸ್ಸಾಗಿದೆ.

4/5
ಈಗ ಕಾಮರ್ಸ್‌ನವರು ಕಿವಿಗೊಡಿ. 1960ರ ದಶಕದ ಮೊದಲಲ್ಲಿ ಅಮೆರಿಕದ ನರ್ಸ್ ಆ್ಯನ್ ಮೂರ್, ಪೀಸ್ ಕೋರ್ ಮೂಲಕ ಪಶ್ಚಿಮ ಆಫ್ರಿಕಾದ ಟೋಗೊಗೆ ಹೋದರು. ಅಲ್ಲಿನ ತಾಯಂದಿರು ಮಕ್ಕಳನ್ನ ಬೆನ್ನಿಗೆ ಕಟ್ಟಿಕೊಂಡೇ ಎಲ್ಲ ಕೆಲಸ ಮಾಡ್ತಿದ್ರು, ಮಕ್ಕಳು ನೆಮ್ಮದಿಯಾಗಿದ್ದವು. ಊರಿಗೆ ವಾಪಸ್ ಬಂದು ತನ್ನ ಮಗಳು ಹುಟ್ಟಿದಾಗ ಆಕೆಯೂ ಹಾಗೇ ಕಟ್ಟಿಕೊಳ್ಳೋಕೆ ನೋಡಿದರು. ಮಗು ಜಾರುತ್ತಿತ್ತು. ಆಗ ಅವರ ತಾಯಿ ಲೂಸಿ ಆಕರ್ಮನ್, ಹೆಗಲ ಪಟ್ಟಿ ಇರೋ ಚೀಲ ಹೊಲಿದುಕೊಟ್ಟರು. ಕಂಡವರೆಲ್ಲ ನಮಗೂ ಬೇಕು ಅಂದರು. ಅದೇ 'ಸ್ನಗ್ಲಿ'. 1969ರಲ್ಲಿ ಪೇಟೆಂಟ್ ಸಿಕ್ಕಿತು, 1985ರಲ್ಲಿ ಇಡೀ ವ್ಯಾಪಾರವನ್ನ ದೊಡ್ಡ ಕಂಪನಿಗೆ ಮಾರಿದರು.

ಮೂರ್ ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. ಎಲ್ಲಿ ಕಲಿತದ್ದು ಅಂತ ಆಕೆ ಬಹಿರಂಗವಾಗೇ ಹೇಳುತ್ತಿದ್ದರು. ಪೇಟೆಂಟ್ ಸಿಕ್ಕಿದ್ದೂ ಆ ಚೀಲದ ವಿನ್ಯಾಸಕ್ಕೆ. ಆದ್ರೆ ನಮ್ಮ ಅಕೌಂಟ್ಸ್ ಪುಸ್ತಕದ 'ಇಂಟ್ಯಾಂಜಿಬಲ್ ಅಸೆಟ್ಸ್' ಪಾಠ ನೆನಪಿಸಿಕೊಳ್ಳಿ. ಪೇಟೆಂಟ್, ಬ್ರ್ಯಾಂಡ್, ಗುಡ್‌ವಿಲ್, ಎಲ್ಲದಕ್ಕೂ ಬ್ಯಾಲೆನ್ಸ್ ಶೀಟಿನಲ್ಲಿ ಜಾಗ ಇದೆ. ಟೋಗೊದ ಅಮ್ಮಂದಿರ ಕೈಗೆ ಗೊತ್ತಿದ್ದ ಆ ಗಂಟನ್ನ ಯಾವ ಹೆಡ್‌ನಲ್ಲಿ ಬರೀತೀರಾ?

5/5
ಆ ಕೈಗಳಿಗೆ ಗೊತ್ತಿದ್ದದ್ದೇನು? ಬಟ್ಟೆ ಮಗುವಿನ ಒಂದು ಮಂಡಿಯಿಂದ ಇನ್ನೊಂದು ಮಂಡಿವರೆಗೆ ಆಸರೆ ಕೊಡಬೇಕು. ಮಂಡಿ ಕುಂಡಿಗಿಂತ ಸ್ವಲ್ಪ ಮೇಲಿರಬೇಕು, ಕಪ್ಪೆ ಕೂತ ಹಾಗೆ. ಕಾಲು ನೇತಾಡಬಾರದು. ಮೂಗು ಬಾಯಿ ಮುಚ್ಚಬಾರದು, ಗದ್ದ ಎದೆಗೆ ಒತ್ತಬಾರದು. ನಡೆಯೋ ವಯಸ್ಸಿನ ಮಗುವಿಗೆ ಬೆನ್ನೇ ಸರಿ. ಮುಂದೆ ಕಟ್ಟಿದ್ರೆ ನಿಮಗೆ ನೆಲವೇ ಕಾಣಲ್ಲ. ಗಂಟು ಬಿಗಿಯಾಗಿದ್ರೆ ಭಾರ ಹೆಗಲಿನಿಂದ ಸೊಂಟಕ್ಕೂ ಹಂಚಿಹೋಗುತ್ತೆ. ಸಡಿಲ ಇದ್ರೆ ಅದೇ ಹನ್ನೊಂದು ಕೆಜಿ ಹಿಂದಕ್ಕೆ ಜಗ್ಗುತ್ತೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ, 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರು ವಾರದ ವಯಸ್ಸಿನಲ್ಲಿ ಉಳಿದವಕ್ಕಿಂತ 43% ಕಡಿಮೆ ಅತ್ತವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ.

ಭಾನುವಾರ ಊರಿಗೆ ಹೋದಾಗ ಅಜ್ಜಿಗೆ ತೋರಿಸಿದೆ. "ಎಷ್ಟು ಕೊಟ್ರಿ?" ಅಂದ್ರು. "ಎರಡು ಸಾವಿರದ ನಾನೂರು." "ನನ್ನ ಸೀರೆಗೇ ಅಷ್ಟು ಕೊಟ್ಟಿರ್ಲಿಲ್ವಲ್ಲೋ!" ರಾಗಿ ಹೊಲದ ಕಳೆಗೆ ಹೋಗುವಾಗ ನಮ್ಮಮ್ಮನನ್ನ ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೋಗ್ತಿದ್ರಂತೆ. ಹೊಲದ ಹತ್ರ ಅದೇ ಸೀರೆ ಹೊಂಗೆ ಮರಕ್ಕೆ ಜೋಳಿಗೆ. ಆಮೇಲೆ ನನ್ನ ಬೆನ್ನಿಂದೆ ಬಂದು ಪಟ್ಟಿ ಹಿಡಿದು ನೋಡಿ, "ಸಡಿಲ ಆಗದೆ ಕಣೋ" ಅಂತ ಒಂದು ಸಲ ಎಳೆದು ಬಿಗಿ ಮಾಡಿದ್ರು. ಅಷ್ಟೇ. ಅವನು ಗರಿ ಥರ ಹಗುರಾದ.

ಹೌದು ಮಗಾ, ಕೂಲಿಯೋರ ಥರಾನೇ ಕಟ್ಕೊಂಡಿದೀನಿ. ಅವರಿಂದಾನೇ ಕಲಿತಿದ್ದು.

ನಿಮ್ಮಜ್ಜಿ ನಿಮ್ಮಮ್ಮನನ್ನ ಹೇಗೆ ಹೊತ್ತಿದ್ರು? ಇವತ್ತು ಫೋನ್ ಮಾಡಿ ಕೇಳಿ, ಕೆಳಗೆ ಬರೀರಿ.

#ಬೆನ್ನಿನಕೂಸು #ಅಜ್ಜಿಗಂಟು #ಇತಿಹಾಸಸರಣಿ