ಬದುವಿನ ಗಂಧ ಯಾರದು?

ಕೆರಗೋಡು ಸೀಮೆಯ ಹೊಲದ ಬದುವಿನಲ್ಲಿ ಹೊಂಗೆ ಬೆಳೆದರೆ ಅದು ರೈತನದು, ಬೇವು ಬೆಳೆದರೂ ಅವನದೇ. ಅವುಗಳ ನಡುವೆ ಶ್ರೀಗಂಧದ ಸಸಿಯೊಂದು ತಲೆಯೆತ್ತಿದರೆ ಮಾತ್ರ ಅದು ಸರ್ಕಾರದ ಸ್ವತ್ತಾಗುತ್ತಿತ್ತು. ಹಳೆಯ ಮೈಸೂರು ಸೀಮೆಯಲ್ಲಿ 2001ರವರೆಗೂ ನಡೆದುಬಂದ ಕಟ್ಟಳೆಯಿದು.

ಇದರ ಮೂಲ ಟಿಪ್ಪು ಸುಲ್ತಾನನ ಕಾಲದಲ್ಲಿದೆ. 1792ರಲ್ಲಿ ಆತ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೇ ಬಿಟ್ಟುಕೊಟ್ಟು, ಕೋಟಿಗಟ್ಟಲೆ ಪರಿಹಾರ ತೆರಬೇಕಾಗಿದ್ದ ಅರಸನಿಗೆ ಈ ಮರ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಆನಂತರ ಬಂದ ಒಡೆಯರಾಗಲಿ ಬ್ರಿಟಿಷರಾಗಲಿ ಈ ಹಕ್ಕನ್ನು ಕೈಬಿಡಲಿಲ್ಲ. ಮೊದಲ ಮಹಾಯುದ್ಧದಿಂದ ಗಂಧದ ರಫ್ತು ಕೆಟ್ಟಾಗ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಯೇ ಆರಂಭವಾಯಿತು. ಸ್ವಾತಂತ್ರ್ಯಾನಂತರದ 1963ರ ಅರಣ್ಯ ಕಾಯ್ದೆಯೂ ಅರಸರ ಹಾದಿಯನ್ನೇ ಹಿಡಿಯಿತು.

ಗಂಧದ ಬೀಜವನ್ನು ಹಕ್ಕಿಗಳು ಬಿತ್ತುತ್ತವೆ, ಯಾರೂ ನೆಡಬೇಕಾಗಿಲ್ಲ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ತಾಗಿಸಿ ಅದು ಆಹಾರ ಹೀರುತ್ತದೆ. ಆದುದರಿಂದ ಬೇಲಿ, ಬದುಗಳೇ ಅದಕ್ಕೆ ಇಷ್ಟ. ಆದರೆ ಎಣ್ಣೆ ತುಂಬಿದ ಚೇಗು ಬಲಿಯಲು ದಶಕಗಳೇ ಬೇಕು. ಅಷ್ಟು ಕಾಲ ಮರ ಕಾಯುವ ಹೊಣೆ ರೈತನ ತಲೆಯ ಮೇಲೆ. ಮರ ಕಳುವಾದರೆ ಉತ್ತರ ಹೇಳಬೇಕಾದವನು ಅವನು; ಬಲಿತರೆ ಕಡಿದು ಒಯ್ಯುವವರು ಇಲಾಖೆಯವರು. ಬೆಲೆಯಲ್ಲಿ ಒಂದು ಪಾಲು ಅವನಿಗೆ ಸಲ್ಲಬೇಕೆಂದಿತ್ತು, ನಿಜ. ಆದರೆ ಆ ಪಾಲಿಗಾಗಿ ಇಷ್ಟು ತಾಪತ್ರಯ ಯಾರಿಗೆ ಬೇಕು? ನಾಲ್ಕೆಲೆಯ ಸಸಿಯನ್ನು ಚಿವುಟಿ ಎಸೆದರೆ ಕೇಳುವವರಿಲ್ಲ. ಹಾಗೆ ಚಿವುಟಿದ ಸಸಿಗಳ ಲೆಕ್ಕ ಯಾವ ಕಡತದಲ್ಲೂ ಸಿಗದು.

ಇದೇ ಮಂಡ್ಯದ ರೈತ ಕಬ್ಬಿನ ವಿಷಯದಲ್ಲಿ ನಡೆದುಕೊಂಡ ರೀತಿಯೇ ಬೇರೆ. ನಾಲೆಯ ನೀರು ಬಂತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಬೆಳೆದದ್ದು ತನ್ನದು, ಕೊಳ್ಳುವವರಿದ್ದಾರೆ ಎಂದು ತಿಳಿದದ್ದೇ ತಡ, ಗದ್ದೆ ಗದ್ದೆಗೂ ಕಬ್ಬು ಹಬ್ಬಿತು.

ಗಂಧದ ಅಳಿವಿಗೆ ಕಾನೂನೊಂದೇ ಕಾರಣವೆನ್ನುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಅಸಂಖ್ಯ ಮರಗಳನ್ನು ಒಣಗಿಸಿತು. ಸರ್ಕಾರದ ಕಾಡಿನಲ್ಲಿದ್ದವನ್ನು ವೀರಪ್ಪನ್‌ನಂಥ ಕಳ್ಳಸಾಗಣೆದಾರರು ಬರಿದು ಮಾಡಿದರು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಶ್ರೀಗಂಧವನ್ನು ಅಪಾಯದಂಚಿನ ಪಟ್ಟಿಗೆ ಸೇರಿಸಿತು. ಅದೇ ಹೊತ್ತಿಗೆ ದೂರದ ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರಾದಲ್ಲಿ ಖಾಸಗಿಯವರು ನಮ್ಮದೇ ತಳಿಯ ಗಂಧವನ್ನು ತೋಟವಾಗಿ ಬೆಳೆಸತೊಡಗಿದ್ದರು!

2001ರ ತಿದ್ದುಪಡಿ ಜಮೀನಿನವನನ್ನೇ ಮರದ ಒಡೆಯನನ್ನಾಗಿ ಮಾಡಿತು. ಕಡಿಯಲು ಮಾತ್ರ ಇಲಾಖೆಯ ಅಪ್ಪಣೆ ಬೇಕೇ ಬೇಕು. ಗಂಧದ ತೋಟಗಳು ಅಲ್ಲಲ್ಲಿ ತಲೆಯೆತ್ತಿವೆ. ಆದರೆ ಹಿಂದೆ ಇಲಾಖೆಗೆ ಅಂಜುತ್ತಿದ್ದವನು ಈಗ ಕಳ್ಳನಿಗೆ ಅಂಜುತ್ತಾನೆ. ಹದಿನೈದು ವರ್ಷ ಸಾಕಿದ ಮರ ಒಂದೇ ರಾತ್ರಿ ಗರಗಸಕ್ಕೆ ಸಿಕ್ಕರೆ ಒಡೆತನದ ಪತ್ರ ಅದನ್ನು ಹಿಂದಕ್ಕೆ ತರಲಾರದು. ಅದಕ್ಕೇ ಗಂಧ ನೆಡಲು ಹೊರಟವನು ಸಸಿಗಿಂತ ಮೊದಲು ಬೇಲಿಯ ಖರ್ಚನ್ನು ಲೆಕ್ಕ ಹಾಕುತ್ತಾನೆ.